ಮನೆಗೆ ಬರುವ ಅಧಿಕಾರಿಯಿಂದ ಏನನ್ನೂ ಮುಚ್ಚಿಡಬೇಡಿ

ಪ್ರಶ್ನೆ: ಅಕ್ಕಾ, ನನ್ನ ಮಗನಿಗೆ ಹದಿನೇಳು ವರ್ಷ, ಮೊದಲ ಪಿಯುಸಿ. ಕಳೆದ ತಿಂಗಳು ಇಪ್ಪತ್ತು ದಾಟಿದ ಇಬ್ಬರು ಹುಡುಗರ ಜೊತೆ ಸೇರಿ, ತೋಟವೊಂದರ ಕಣದಲ್ಲಿ ಒಣಹಾಕಿದ್ದ ಕಾಳುಮೆಣಸನ್ನು ರಾತ್ರಿ ಚೀಲಕ್ಕೆ ತುಂಬುವಾಗ ಸಿಕ್ಕಿಬಿದ್ದ. ಕೆಲವು ದಿನ, ಪ್ರಕರಣದಲ್ಲಿ ಸಿಕ್ಕ ಮಕ್ಕಳನ್ನು ಇರಿಸುವ ವೀಕ್ಷಣಾಲಯದಲ್ಲಿಟ್ಟು ಜಾಮೀನಿನ ಮೇಲೆ ಬಿಟ್ಟಿದ್ದಾರೆ. ಈಗ ಅಧಿಕಾರಿಯೊಬ್ಬರು ಮನೆಗೆ ಬರುತ್ತಾರಂತೆ. ಅವನು ಕಾಲೇಜಿಗೆ ಚಕ್ಕರ್ ಹೊಡೆಯುತ್ತಿದ್ದ, ಕುಡಿತವೂ ಅಂಟಿತ್ತು. ಇದನ್ನೆಲ್ಲ ಬಾಯಿಬಿಟ್ಟರೆ ಒಳಗೆ ಹಾಕುತ್ತಾರೆ, ಸುಮ್ಮನೆ ಬೆಂಗಳೂರಿನ ಬೇಕರಿ ಕೆಲಸಕ್ಕೆ ಕಳಿಸಿಬಿಡು ಎನ್ನುತ್ತಾರೆ ನಮ್ಮ ಭಾವ. ಊರಿನ ವಾಟ್ಸಾಪ್ ಗುಂಪಿನಲ್ಲಿ ಅವನ ಫೋಟೋ ಓಡಾಡುತ್ತಿದೆ. ಸೈನ್ಯ ಸೇರುವ ಆಸೆ ಇಟ್ಟುಕೊಂಡಿದ್ದ ಹುಡುಗ. ಎಲ್ಲ ಮುಗಿದೇಹೋಯಿತೇ?
— ಒಬ್ಬ ತಾಯಿ, ಸಕಲೇಶಪುರ ತಾಲ್ಲೂಕು

ಉತ್ತರ: ತಂಗಿ, ಏನೂ ಮುಗಿದಿಲ್ಲ. ಆದರೆ ಈಗ ನೀವು ಭಾವನವರ ಮಾತು ಕೇಳಿದರೆ ಕೆಡುವುದು ಖಂಡಿತ.

ಮನೆಗೆ ಬರುವವರು ಪೊಲೀಸರಲ್ಲ, ಪರಿವೀಕ್ಷಣಾಧಿಕಾರಿ. ನಾನು ಹಾಸನದಲ್ಲಿ ನಿವೃತ್ತಳಾಗುವವರೆಗೆ ಮಾಡಿದ್ದು ಇದೇ ಕೆಲಸ. ಹುಡುಗನನ್ನು, ಹದಿನೆಂಟು ತುಂಬದವರ ಪ್ರಕರಣ ನೋಡುವ ಬಾಲ ನ್ಯಾಯ ಮಂಡಳಿಯ ಮುಂದೆ ಮೊದಲು ಹಾಜರುಪಡಿಸಿದ ದಿನದಿಂದ ಹದಿನೈದು ದಿನದೊಳಗೆ ಅವರು ಸಾಮಾಜಿಕ ತನಿಖಾ ವರದಿ ಕೊಡಬೇಕು. ಕದ್ದದ್ದು ಹೌದೋ ಅಲ್ಲವೋ ಎಂಬುದು ಆ ವರದಿಯ ಮುಖ್ಯ ವಿಷಯವಲ್ಲ. ಮನೆಯಲ್ಲಿ ಯಾರ ಮಾತು ಕೇಳುತ್ತಾನೆ, ಓದು ಯಾವಾಗ ತಪ್ಪಿತು, ಏಕೆ ತಪ್ಪಿತು, ಏನು ಚಟ, ಗೆಳೆಯರು ಅವನ ವಾರಿಗೆಯವರೋ ದೊಡ್ಡವರೋ, ಇವು ನಮ್ಮ ಪ್ರಶ್ನೆಗಳು. ಕಾಫಿ ತೋಟದ ಲೈನ್ ಮನೆಗಳ ಹೊಸ್ತಿಲಲ್ಲಿ ಕುಳಿತು ನಾನು ಇದನ್ನು ಕೇಳುತ್ತಿದ್ದಾಗ, ಒಳಗಿನಿಂದ ಅಜ್ಜಿಯೊಬ್ಬರು ಆಡಿದ ಒಂದು ಮಾತು ಅಪ್ಪ-ಅಮ್ಮ ಹೇಳಿದ್ದಕ್ಕಿಂತ ಹೆಚ್ಚು ತಿಳಿಸಿದ್ದುಂಟು.

ಮುಚ್ಚಿಟ್ಟವರ ಗತಿಯನ್ನೂ ನೋಡಿದ್ದೇನೆ. ಒಂದು ಮನೆಯಲ್ಲಿ ಎಲ್ಲರೂ ಒಂದೇ ಬಾಯಿಪಾಠ ಒಪ್ಪಿಸಿದರು: ಹುಡುಗ ಚಿನ್ನದಂಥವನು, ಯಾವ ದುರಭ್ಯಾಸವೂ ಇಲ್ಲ. ಮಂಡಳಿ ಬುದ್ಧಿ ಹೇಳಿ ಮನೆಗೆ ಕಳುಹಿಸಿತು. ಮನೆಯವರು ಗೆದ್ದೆವೆಂದುಕೊಂಡರು. ವರ್ಷ ತುಂಬುವುದರೊಳಗೆ ಅದೇ ಹುಡುಗ ಅದೇ ಸಹವಾಸದಲ್ಲಿ ಮತ್ತೆ ಸಿಕ್ಕಿಬಿದ್ದ. ಕುಡಿತದ ವಿಷಯ ಮೊದಲೇ ಗೊತ್ತಿದ್ದರೆ ವ್ಯಸನ ಬಿಡಿಸುವ ಚಿಕಿತ್ಸೆಗೆ ಕಳುಹಿಸಬಹುದಿತ್ತು. 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿದೆ. ಕಾಲೇಜಿಗೆ ಹೋಗಲೇಬೇಕು, ಕಸುಬು ಕಲಿಯಬೇಕು, ಇಂಥ ಜಾಗಕ್ಕೆ ಕಾಲಿಡಬಾರದು ಎಂದೂ ಮಂಡಳಿ ಆದೇಶಿಸಬಹುದು. ಸಮುದಾಯ ಸೇವೆ ಮಾಡಿಸಬಹುದು, ಪೋಷಕರಿಂದ ಮುಚ್ಚಳಿಕೆ ಬರೆಸಿಕೊಂಡು ಸನ್ನಡತೆಯ ಮೇಲೆ ನಿಮ್ಮ ಕೈಗೇ ಒಪ್ಪಿಸಬಹುದು. ಇಂಥ ಮಕ್ಕಳನ್ನು ಇರಿಸಿಕೊಂಡು ತಿದ್ದುವ ವಿಶೇಷ ಗೃಹಕ್ಕೆ ಕಳುಹಿಸುವುದು ಬೇರೆ ದಾರಿ ಕಾಣದಾಗ ಮಾತ್ರ, ಅದೂ ಮೂರು ವರ್ಷ ಮೀರುವಂತಿಲ್ಲ.

ನೀವು ಬರೆದಂತೆ ಇದು ಬಯಲು ಕಣದ ಕಳವು ಮಾತ್ರವಾದರೆ ಕಾಯ್ದೆಯ ಪ್ರಕಾರ ಸಣ್ಣ ಅಪರಾಧ. ಅದರ ವಿಚಾರಣೆಗೆ ಇರುವ ಗಡುವು ನಾಲ್ಕು ತಿಂಗಳು, ಹೆಚ್ಚೆಂದರೆ ಇನ್ನೆರಡು ತಿಂಗಳು. ಅಷ್ಟರಲ್ಲಿ ವಿಚಾರಣೆ ಮುಗಿಯದಿದ್ದರೆ ಅದು ಅಲ್ಲಿಗೇ ರದ್ದು. ಆ ಇಬ್ಬರು ದೊಡ್ಡವರ ಮೊಕದ್ದಮೆ ಬೇರೆ ನ್ಯಾಯಾಲಯದಲ್ಲಿ ನಡೆಯುತ್ತದೆ. ನಿಮ್ಮ ಮಗನನ್ನು ಅವರ ಜೊತೆ ಕಟಕಟೆಯಲ್ಲಿ ನಿಲ್ಲಿಸುವಂತಿಲ್ಲ.

ಬೇಕರಿಯ ಮಾತು. ನಮ್ಮ ಹಾಸನದ ಕಡೆಯವರಿಗೆ ಮನೆಯಲ್ಲಿ ಹುಡುಗ ತಲೆನೋವಾದರೆ ಮೊದಲು ನೆನಪಾಗುವುದು ಬೆಂಗಳೂರಿನ ಬೇಕರಿಯೇ. ಎಷ್ಟೋ ಜನ ಅಲ್ಲಿ ದುಡಿದು ಮೇಲೆ ಬಂದಿದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಜಾಮೀನಿನ ಮೇಲಿರುವ ಹುಡುಗನನ್ನು ಮಂಡಳಿಗೆ ತಿಳಿಸದೆ ಕಳುಹಿಸಿದರೆ, ಕರೆದ ದಿನ ಅವನು ಹಾಜರಿರುವುದಿಲ್ಲ, ಜಾಮೀನಿಗೇ ಕುತ್ತು ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಅವನು ಮನೆಯವರಿಗೆ ಬೇಡವಾದೆ ಎಂದುಕೊಳ್ಳುತ್ತಾನೆ. ಈ ವಯಸ್ಸಿನಲ್ಲಿ ಅದನ್ನು ತಡೆದುಕೊಳ್ಳುವುದು ಬಹಳ ಕಷ್ಟ ತಂಗಿ. ಅವನನ್ನು ನಿಮ್ಮ ಪಕ್ಕದಲ್ಲೇ ಕೂರಿಸಿಕೊಂಡು ಊಟ ಮಾಡಿ, ಕಳವಿನ ಮಾತು ದಿನವೂ ಎತ್ತಬೇಡಿ.

ಸೈನ್ಯದ ಆಸೆಯನ್ನು ಅವನು ಬಿಡಬೇಕಾಗಿಲ್ಲ. ಮಂಡಳಿಯ ತೀರ್ಮಾನದಿಂದ ಅವನಿಗೆ ಯಾವ ಅನರ್ಹತೆಯೂ ಅಂಟುವುದಿಲ್ಲ ಎಂದು ಕಾಯ್ದೆಯ 24ನೇ ಸೆಕ್ಷನ್ ಹೇಳುತ್ತದೆ. ಪ್ರಕರಣ ಮುಗಿದ ಮೇಲೆ, ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಆ ದಾಖಲೆಯನ್ನು ಹೊರಗೆಡವುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್, ಅಪ್ರಾಪ್ತ ವಯಸ್ಸಿನ ಪ್ರಕರಣವೊಂದರ ಕಾರಣಕ್ಕೆ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ನೇಮಕಾತಿ ಕಳೆದುಕೊಂಡಿದ್ದ ಯುವಕನ ಪರವಾಗಿ ತೀರ್ಪು ಕೊಟ್ಟಿತು.

ಫೋಟೋ ವಿಷಯ ಓದಿ ನನಗೆ ಮೈ ಉರಿಯಿತು. ಇಂಥ ಮಗುವಿನ ಗುರುತು ಬಯಲು ಮಾಡುವುದೇ ಅಪರಾಧ. 74ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಗುಂಪಿನಲ್ಲಿ ಜಗಳಕ್ಕೆ ಇಳಿಯಬೇಡಿ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ಮುಂದಿನ ತಾರೀಕಿಗೆ ಮಂಡಳಿಯ ಮುಂದೆ ಹೇಳಿ. ವಕೀಲರಿಲ್ಲದಿದ್ದರೆ 15100ಕ್ಕೆ ಕರೆ ಮಾಡಿ, ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ಒಬ್ಬರನ್ನು ಕೊಡುತ್ತದೆ. ಅಧಿಕಾರಿ ಬರುವ ದಿನ ಭಾವನವರು ಮನೆಯಲ್ಲಿದ್ದರೂ ಉತ್ತರ ನೀವೇ ಕೊಡಿ.