ಗ್ರೂಪಿಗೆ ಹಾಕಿದ್ದೆ, ಎಲ್ಲರೂ ಹೆಬ್ಬೆಟ್ಟು ಒತ್ತಿದ್ದರು!

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಮೆಷಿನ್ ಶಾಪ್ ಇದೆ. ಕಸ್ಟಮರ್ ಡ್ರಾಯಿಂಗ್‌ನಲ್ಲಿ ಒಂದು ತೂತಿನ ಅಳತೆ ಬದಲಾಯಿಸಿದರು. ಸಂಜೆಯೇ ವಾಟ್ಸಾಪ್ ಗ್ರೂಪಿಗೆ ಹಾಕಿದೆ, ಎಲ್ಲರೂ ಹೆಬ್ಬೆಟ್ಟು ಒತ್ತಿದರು. ಬೆಳಿಗ್ಗೆ ನೋಡಿದರೆ ರಾತ್ರಿ ಶಿಫ್ಟಿನವರು ಹಳೇ ಅಳತೆಯಲ್ಲೇ ಇಡೀ ಲಾಟ್ ಹೊಡೆದಿಟ್ಟಿದ್ದಾರೆ. ಇವರಿಗೆ ಇನ್ನು ಹೇಗೆ ಹೇಳಬೇಕು ಸರ್?
– ಹೆಸರು ಬೇಡ, ಬೆಂಗಳೂರು

ಉತ್ತರ: ಓನರ್ ಮೆಸೇಜ್ ಹಾಕಿದಾಗ ಸುಮ್ನೆ ಕೂತರೆ ಚೆನ್ನಾಗಿರಲ್ಲ ಅಂತ ಒತ್ತಿದ ಹೆಬ್ಬೆಟ್ಟು ಅದು. ನೀವು ಅದನ್ನು ಕೆಲಸ ಆದಂತೆಯೇ ಅಂದುಕೊಂಡಿರಿ.

1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಮಂಜು ಕವಿದಿತ್ತು. ಹೊರಟಿದ್ದೇವೆ ಅನ್ನೋ ಅರ್ಥದಲ್ಲಿ ಡಚ್ ಕಂಪನಿ ಕೆಎಲ್‌ಎಂನ ವಿಮಾನದ ಪೈಲಟ್ ರೇಡಿಯೋದಲ್ಲಿ ಏನೋ ಹೇಳಿದರು, ಟವರ್‌ನಿಂದ 'ಓಕೆ' ಅಂತ ಬಂತು. ಅದರ ಹಿಂದೆಯೇ ಟವರ್‌ನವರು 'ತಡೀರಿ, ನಾನೇ ಕರೀತೀನಿ' ಅಂತಲೂ ಹೇಳಿದ್ದರು, ಆದರೆ ಅದೇ ಹೊತ್ತಿಗೆ ರನ್‌ವೇ ಮೇಲಿದ್ದ ಅಮೆರಿಕದ ಪ್ಯಾನ್ ಆಮ್ ಕಂಪನಿಯ ವಿಮಾನದವರೂ ಮಾತಾಡಿದ್ದರಿಂದ ಕಿರ್ರ್ ಅನ್ನೋ ಸದ್ದಿನಲ್ಲಿ ಅದು ಸರಿಯಾಗಿ ಕೇಳಿಸಲಿಲ್ಲ. ಈ ಎರಡೂ ಜಂಬೋ ಜೆಟ್ ರನ್‌ವೇ ಮೇಲೆ ಡಿಕ್ಕಿ ಹೊಡೆದು 583 ಜನ ಸತ್ತರು. ಆಮೇಲೆ ನಿಯಮ ಬಿಗಿಯಾಯಿತು: ಬರೀ ಓಕೆ ನಡೆಯಲ್ಲ, ಟವರ್ ಕೊಟ್ಟ ಅನುಮತಿಯ ಮುಖ್ಯ ಭಾಗವನ್ನು ಪೈಲಟ್ ತಿರುಗಿ ಹೇಳಲೇಬೇಕು.

ನಿಮಗೂ ಅದೇ ಬೇಕಾಗಿರೋದು. ಶಿಫ್ಟ್ ಬದಲಾಗುವಾಗ ಇಬ್ಬರೂ ಸೂಪರ್‌ವೈಸರ್‌ಗಳು ಮೆಷಿನ್ ಪಕ್ಕದಲ್ಲೇ ನಿಂತು ಮಾತಾಡಲಿ. 'ಅರ್ಥ ಆಯ್ತಾ?' ಅಂತ ಕೇಳಬೇಡಿ. ಇಲ್ಲ ಅಂತ ಯಾರು ಹೇಳ್ತಾರೆ? 'ಈ ತೂತು ಈಗ ಎಷ್ಟು?' ಅಂತ ಕೇಳಿ, ಹೊಸ ಅಳತೆ ಅವರ ಬಾಯಿಂದಲೇ ಬರಲಿ. ಒಡಿಶಾ, ಬಿಹಾರದ ಹುಡುಗರಿದ್ದರೆ ನಿಮ್ಮ ಕಂಗ್ಲಿಷ್ ಮೆಸೇಜ್ ಅವರಿಗೆ ಎಷ್ಟು ತಿಳಿದೀತು? ಡ್ರಾಯಿಂಗ್ ಮೇಲೆ ಬೆರಳಿಟ್ಟು ತೋರಿಸಿ. ಮೊದಲ ಪೀಸ್ ಅಳೆದು ಸಹಿ ಹಾಕೋ ತನಕ ಎರಡನೇದು ಹತ್ತಬಾರದು.

ಅಂದಹಾಗೆ, ಮೆಷಿನ್‌ಗೆ ಅಂಟಿಸಿದ್ದ ಹಳೇ ಡ್ರಾಯಿಂಗ್ ಕಿತ್ತಿರಾ? ನನಗೆ ಜಾಸ್ತಿ ಅನುಮಾನ ಅದರ ಮೇಲೇ. ಎಣ್ಣೆ ಕಲೆಯ ಆ ಶೀಟ್ ಅಲ್ಲೇ ಇದ್ದರೆ ರಾತ್ರಿ ಎರಡು ಗಂಟೆಗೆ ಆಪರೇಟರ್ ನೋಡೋದು ಅದನ್ನೇ, ಫೋನನ್ನಲ್ಲ. ಹಳೇದು ನಿಮ್ಮ ಕೈಗೆ ವಾಪಸ್ ಬಂದ ಮೇಲೇ ಹೊಸ ರಿವಿಷನ್, ಅಂದರೆ ತಿದ್ದಿದ ಡ್ರಾಯಿಂಗ್, ಕೊಡಿ.

ಪ್ರಶ್ನೆ: ಇನ್ನೊಂದು. ಒಬ್ಬ ಹುಡುಗನಿಗೆ ಮೊದಲೇ ಅನುಮಾನ ಬಂದಿತ್ತಂತೆ, ಆದರೂ ನನಗೆ ಫೋನ್ ಮಾಡಲಿಲ್ಲ. ಯಾಕೆ?

ಉತ್ತರ: ಹಿಂದೊಮ್ಮೆ ಯಾರೋ ರಾತ್ರಿ ಫೋನ್ ಮಾಡಿದಾಗ 'ಇಷ್ಟಕ್ಕೆಲ್ಲ ಫೋನಾ?' ಅಂತ ಬೈದಿದ್ದೀರಾ, ನೆನಪು ಮಾಡಿಕೊಳ್ಳಿ. ಟೆನೆರಿಫ್‌ನಲ್ಲೂ ಕೆಎಲ್‌ಎಂನ ಫ್ಲೈಟ್ ಎಂಜಿನಿಯರ್ 'ಆ ಪ್ಯಾನ್ ಆಮ್ ಇನ್ನೂ ಪಕ್ಕಕ್ಕೆ ಹೋಗಿಲ್ವಾ?' ಅಂತ ಕೇಳಿದ್ದರು. ಹಿರಿಯ ಕ್ಯಾಪ್ಟನ್ ಹೋಗಿದೆ ಅಂದುಬಿಟ್ಟರು, ಮಾತು ಅಲ್ಲಿಗೇ ನಿಂತಿತು. ಅನುಮಾನ ಬಂದರೆ ಮೆಷಿನ್ ನಿಲ್ಲಿಸೋ ಹಕ್ಕು ಆ ಹುಡುಗನಿಗೆ ಇದೆ ಅಂತ ಎಲ್ಲರೆದುರೇ ಹೇಳಿ. ಈ ಲಾಟಿನ ನಷ್ಟವನ್ನು ಮಾತ್ರ ಅವನ ಸಂಬಳದಲ್ಲಿ ಹಿಡಿಯಬೇಡಿ. ಹಿಡಿದರೆ ಮುಂದಿನ ಸಲ ರಿಜೆಕ್ಟ್ ಪೀಸುಗಳು ಸ್ಕ್ರ್ಯಾಪ್ ಡಬ್ಬಿಯ ತಳ ಸೇರುತ್ತವೆ, ನಿಮಗೆ ಗೊತ್ತಾಗೋದು ಕಸ್ಟಮರ್ ಫೋನ್ ಮಾಡಿದಾಗಲೇ.