ಪ್ರಾಣಿಗಳ ಮೇಲೆ ಪ್ರಯೋಗ ಮಾಡದೆ, ಕೆಮಿಕಲ್ ಚರ್ಮಕ್ಕೆ ಅಲರ್ಜಿ ತರುತ್ತದೆ ಎಂದು ಹೇಗೆ ಗೊತ್ತಾಗುತ್ತದೆ?

ಕ್ರೀಮ್ ಡಬ್ಬಿ ಮೇಲೆ, ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ ಎಂದು ಹೇಳುವ ಮೊಲದ ಗುರುತು ನೋಡಿ ನಿಮಗೆ ಈ ಅನುಮಾನ ಬಂತು ಎಂದು ಬರೆದಿದ್ದೀರಿ. ನಾನು ಇಂಥ ಪರೀಕ್ಷೆ ನಡೆಸುವ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ, ಹಾಗಾಗಿ ಉತ್ತರಿಸುತ್ತಿದ್ದೇನೆ.

ಮೊದಲು ಗಿನಿ ಪಿಗ್‌ಗಳ ಮೇಲೆ, ಆಮೇಲೆ ಇಲಿಗಳ ಕಿವಿಗೆ ಕೆಮಿಕಲ್ ಹಚ್ಚಿ ನೋಡುತ್ತಿದ್ದರು. ಯುರೋಪಿನಲ್ಲಿ 2013ರ ಹೊತ್ತಿಗೆ, ನಮ್ಮಲ್ಲಿ 2014ರಲ್ಲಿ ಸೌಂದರ್ಯವರ್ಧಕಗಳಿಗೆ ಅದು ನಿಂತಿತು.

ಅಲರ್ಜಿ ತರುವ ಕೆಮಿಕಲ್‌ನ ಅಣು ತುಂಬಾ ಚಿಕ್ಕದು. ಅದೊಂದನ್ನೇ ನಮ್ಮ ದೇಹ ಗುರುತಿಸುವುದಿಲ್ಲ. ಅದು ಚರ್ಮದೊಳಗೆ ಇಳಿದು ನಮ್ಮ ಪ್ರೋಟೀನಿಗೆ ಅಂಟಿಕೊಂಡಾಗ ಮಾತ್ರ ದೇಹ ಅದನ್ನು ಹೊರಗಿನದು ಎಂದು ತಿಳಿಯುತ್ತದೆ. ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ಕಾಂಗ್ರೆಸ್ ಗಿಡದಿಂದ ರೈತರ ಮುಖ, ಕತ್ತು ತುರಿಸಿ ಕಪ್ಪಾಗುವುದನ್ನು ನೋಡಿದ್ದೀರಲ್ವಾ? ಅದರಲ್ಲಿರುವ ಪಾರ್ಥೆನಿನ್ ಹೀಗೇ ಪ್ರೋಟೀನಿನ ಒಂದು ಘಟಕವಾದ ಸಿಸ್ಟೀನ್‌ಗೆ ಅಂಟುತ್ತದೆ.

ಆದ್ದರಿಂದ ಮೊದಲ ಪರೀಕ್ಷೆಯಲ್ಲಿ ಜೀವಕೋಶವೂ ಬೇಡ. ಸಿಸ್ಟೀನ್ ಅಥವಾ ಅಂಥದೇ ಇನ್ನೊಂದು ಘಟಕವಾದ ಲೈಸಿನ್ ಇರುವ ಪುಟ್ಟ ಪೆಪ್ಟೈಡ್ (ಪ್ರೋಟೀನಿನ ತುಣುಕಿನಂಥದ್ದು) ಜೊತೆ ಕೆಮಿಕಲ್ ಬೆರೆಸಿ 24 ಗಂಟೆ ಬಿಡುತ್ತೇವೆ. ಎಷ್ಟು ಪೆಪ್ಟೈಡ್ ಹಾಗೇ ಉಳಿಯಿತು ಎಂದು ಅಳೆಯುತ್ತೇವೆ. ಕಡಿಮೆ ಉಳಿದರೆ ಅಂಟಿಕೊಂಡಿದೆ ಎಂದರ್ಥ. ಎರಡನೆಯದು ಮನುಷ್ಯನ ಚರ್ಮದ ಕೋಶಗಳಲ್ಲಿ. ಅವುಗಳಿಗೆ ಮಿಣುಕುಹುಳದ ಜೀನ್ ಸೇರಿಸಿರುತ್ತಾರೆ. ಕೆಮಿಕಲ್ ಕೆಣಕಿದರೆ ಕೋಶ ಬೆಳಕು ಸೂಸುತ್ತದೆ. ಮೂರನೆಯದು, ರೋಗನಿರೋಧಕ ಕೋಶ ಎಚ್ಚರಗೊಂಡಿತೇ ಎಂದು ಅದರ ಮೈಮೇಲಿನ ಸಿಡಿ86, ಸಿಡಿ54 ಎಂಬ ಪ್ರೋಟೀನ್ ಗುರುತುಗಳಿಂದ ನೋಡುವುದು. ಹಲವು ದೇಶಗಳ ಸಹಕಾರ ಸಂಘಟನೆಯಾದ ಒಇಸಿಡಿಯ 2021ರ ಮಾರ್ಗಸೂಚಿಯಂತೆ ಮೂರರಲ್ಲಿ ಎರಡು ಒಂದೇ ಉತ್ತರ ಕೊಟ್ಟರೆ ಅದನ್ನೇ ನಂಬಬಹುದು. ಒಂದೇ ಪರೀಕ್ಷೆ ನೋಡಿ ತೀರ್ಪು ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಕಷ್ಟವಾಗುವುದು ವೇಷ ಬದಲಿಸುವ ಕೆಮಿಕಲ್‌ಗಳಲ್ಲಿ. ಲ್ಯಾವೆಂಡರ್ ಪರಿಮಳದ ಲಿನಾಲೂಲ್ ತಾಜಾ ಇದ್ದಾಗ ಅಷ್ಟೇನೂ ತೊಂದರೆ ಕೊಡದು. ಗಾಳಿ ತಾಗಿ ಆಕ್ಸಿಡೀಕರಣವಾದರೆ ಜಾಸ್ತಿ ಅಲರ್ಜಿ ತರುತ್ತದೆ. ಹಳೆಯ ಸೆಂಟು ಬಾಟಲಿಯನ್ನು ಸುಮ್ನೆ ಬಳಸಬೇಡಿ.

ಮುಖ್ಯವಾಗಿ, ಈ ಪರೀಕ್ಷೆಗಳು ಕೆಮಿಕಲ್‌ನ ಗುಣ ಹೇಳುತ್ತವೆ, ನಿಮ್ಮ ಚರ್ಮದ್ದಲ್ಲ. ಮೊಲದ ಗುರುತು ಕೂಡ ಅಲರ್ಜಿ ಆಗಲ್ಲ ಎಂಬ ಭರವಸೆಯಲ್ಲ. ಹೇರ್ ಡೈಯಲ್ಲಿನ ಪಿಪಿಡಿ ಎಂಬ ಬಣ್ಣದ ಕೆಮಿಕಲ್ ಬಲವಾದ ಅಲರ್ಜಿಕಾರಕ ಎಂದು ಗೊತ್ತಿದ್ದೇ ಮಾರಾಟವಾಗುತ್ತದೆ, ಬಳಕೆಗೆ ಮಿತಿ ಇದೆ ಅಷ್ಟೇ. ಡೈ ಹಚ್ಚುವ 48 ಗಂಟೆ ಮೊದಲು ಪ್ಯಾಕೆಟ್‌ನಲ್ಲಿ ಹೇಳಿದಂತೆ ಚರ್ಮದ ಮೇಲೆ ಹಚ್ಚಿ ನೋಡಿ. ಒಮ್ಮೆ ತುರಿಕೆ, ಊತ ಬಂದಿದ್ದರೆ ಮನೆಯಲ್ಲಿ ಮತ್ತೆ ಪ್ರಯತ್ನಿಸಬೇಡಿ, ಚರ್ಮದ ಡಾಕ್ಟರ ಬಳಿ ಪ್ಯಾಚ್ ಟೆಸ್ಟ್ ಮಾಡಿಸಿ.