ಗ್ರೀಸ್‌ನಲ್ಲಿ ಭಾನುವಾರ ಆರ್ಥೊಡಾಕ್ಸ್ ಇಗರ್ಜಿಗೆ ಹೋದರೆ ಸಾಕಾ?

ಅತ್ತೆ-ಮಾವನ ಜೊತೆ ಗ್ರೀಸ್‌ಗೆ ಹೊರಟಿದ್ದೀರಿ, ಪೂಜೆ ಎಲ್ಲಿ ಕೇಳಿದರೂ ಪೂಜೆಯೇ ಅಲ್ವಾ, ಕ್ಯಾಥೊಲಿಕ್ ಚರ್ಚ್ ಹುಡುಕಿಕೊಂಡು ಯಾಕೆ ಅಲೆಯಬೇಕು ಅಂತ ನಿಮ್ಮ ಪ್ರಶ್ನೆ. ಗ್ರೀಸ್‌ನ ಥೆಸಲೊನೀಕಿ ಊರಿನಲ್ಲಿ ನಾನು ಅಮ್ಮನಿಗೆ ಹೇಳಿದ್ದೂ ಇದೇ ಮಾತು.

ನಾವು ಮಂಗಳೂರು ಕಡೆಯ ಕ್ಯಾಥೊಲಿಕರು. ಅಮ್ಮ ಜ್ವರ ಬಂದರೂ ಭಾನುವಾರದ ಪೂಜೆ ತಪ್ಪಿಸುವವರಲ್ಲ. ಹೋಟೆಲ್ ಪಕ್ಕದಲ್ಲೇ ಗುಮ್ಮಟದ ಆರ್ಥೊಡಾಕ್ಸ್ ಇಗರ್ಜಿ ಇತ್ತು, ಅಂದರೆ ಪೋಪರ ಅಧಿಕಾರ ಒಪ್ಪದ ಪೂರ್ವದ ಕ್ರೈಸ್ತರ ಚರ್ಚ್. ಗಂಟೆ ಕೇಳಿಸಿತು, ತಿಂಡಿ ಮುಗಿಸಿ ಹೊರಟೆವು.

ಬಾಗಿಲಲ್ಲೇ ಮರಳು ತುಂಬಿದ ತಟ್ಟೆ, ಅದರಲ್ಲಿ ಸಣ್ಣ ಸಣ್ಣ ಮೇಣದ ಬತ್ತಿ. ಅಮ್ಮ ಒಂದು ಹಚ್ಚಿದರು. ಆರ್ಗನ್ ಇಲ್ಲ, ಗಿಟಾರ್ ಇಲ್ಲ. ಒಬ್ಬರು ಹಾಡಿದರೆ ಪಕ್ಕದವರು ತಂಬೂರಿ ಹಾಗೆ ಒಂದೇ ಸ್ವರ ಹಿಡಿದಿದ್ದರು. ಜನ ಯಾವಾಗಲೋ ಬರುತ್ತಾರೆ, ಐಕಾನ್‌ಗೆ, ಅಂದರೆ ಸಂತರ ಪವಿತ್ರ ಚಿತ್ರಕ್ಕೆ, ಮುತ್ತಿಟ್ಟು ಎಲ್ಲೋ ನಿಲ್ಲುತ್ತಾರೆ. ಅಮ್ಮ ಅಭ್ಯಾಸಬಲದಿಂದ ಮೊಣಕಾಲೂರಿದರು. ಭಾನುವಾರ ನಿಂತೇ ಪ್ರಾರ್ಥಿಸಬೇಕು ಅಂತ ಕ್ರಿ.ಶ. 325ರಲ್ಲಿ ನಿಕೇಯದಲ್ಲಿ ಸೇರಿದ ಬಿಷಪರ ಮಹಾಸಭೆಯಲ್ಲೇ ನಿಯಮ ಆಗಿದೆ, ನಮಗೇನು ಗೊತ್ತು? ಯಾರೂ ಏನೂ ಅನ್ನಲಿಲ್ಲ.

ಆಮೇಲೆ ಪರಮಪ್ರಸಾದದ ಹೊತ್ತು, ಕ್ರಿಸ್ತನ ದೇಹ-ರಕ್ತ ಅಂತ ನಂಬಿ ರೊಟ್ಟಿ, ದ್ರಾಕ್ಷಾರಸ ಸ್ವೀಕರಿಸುವ ಹೊತ್ತು. ನಮ್ಮಲ್ಲಿ ಆ ಹೊತ್ತಿಗೆ ಇಡೀ ಬೆಂಚೇ ಎದ್ದು ಹೊರಡುತ್ತದೆ, ಕಾಲು ತಾನಾಗಿಯೇ ನಡೆಯುತ್ತದೆ. ಅಲ್ಲಿ ಹೊರಟವರು ಕೆಲವರೇ. ಆಗಲಾದರೂ ನನಗೆ ಹೊಳೆಯಬೇಕಿತ್ತು. ನಾನು ಮುಂದೆ, ಅಮ್ಮ ಹಿಂದೆ, ಸಾಲಿನಲ್ಲಿ ನಿಂತೆವು. ಅಲ್ಲಿ ನಮ್ಮ ಹಾಗೆ ಓಸ್ತಿ, ಅಂದರೆ ತೆಳು ಬಿಲ್ಲೆಯಂಥ ರೊಟ್ಟಿ, ಕೊಡುವುದಿಲ್ಲ. ದ್ರಾಕ್ಷಾರಸದಲ್ಲಿ ನೆನೆದ ರೊಟ್ಟಿಯನ್ನು ಚಮಚದಲ್ಲಿ ನೇರ ಬಾಯಿಗೆ ಕೊಡುತ್ತಾರೆ. ಒಂದು ಹನಿಯೂ ನೆಲಕ್ಕೆ ಬೀಳಬಾರದು ಅಂತ ಗಲ್ಲದ ಕೆಳಗೆ ಕೆಂಪು ಬಟ್ಟೆ ಹಿಡಿಯುತ್ತಾರೆ. ಕೊಡುವಾಗ ಫಾದರ್ ಪ್ರತಿಯೊಬ್ಬರ ಹೆಸರು ಹಿಡಿದು ಪ್ರಾರ್ಥಿಸುತ್ತಾರೆ. ನನ್ನ ಹೆಸರು ಕೇಳಿದರು. ಹೇಳಿದೆ. 'ಆರ್ಥೊಡಾಕ್ಸ್?' ಅಂದರು. 'ಕ್ಯಾಥೊಲಿಕ್' ಅಂದೆ, ಅದೇನೋ ಹೆಮ್ಮೆಯಿಂದ. ಅವರು ಮೆಲ್ಲಗೆ ತಲೆ ಆಡಿಸಿ ಪಾತ್ರೆಯನ್ನು ಹಿಂದಕ್ಕೆ ಸರಿಸಿದರು. ನಾನು ಪಕ್ಕಕ್ಕೆ ಸರಿದೆ. ಅಮ್ಮನಿಗೆ ಏನೂ ಗೊತ್ತಾಗಿರಲಿಲ್ಲ. ಕೆಂಪು ಬಟ್ಟೆಗೆ ಗಲ್ಲ ಒಡ್ಡಿ, ಕಣ್ಣು ಮುಚ್ಚಿ, ಬಾಯಿ ತೆರೆದು ನಿಂತಿದ್ದರು.

ಭಾಷೆ ಬರದೇ ಹೀಗಾಯಿತು ಅಂದುಕೊಳ್ಳಬೇಡಿ. ನಾನು ಓದಿಕೊಂಡೇ ಹೋಗಿದ್ದೆ, ಅದೇ ಎಡವಟ್ಟು. ನಮ್ಮ ಚರ್ಚಿನ ಕಾನೂನು ಸಂಹಿತೆಯ 844ನೇ ನಿಯಮದ ಪ್ರಕಾರ, ನಮ್ಮ ಗುರುಗಳು ಸಿಗದೇ ಇದ್ದಲ್ಲಿ, ನಿಜವಾದ ಅಗತ್ಯ ಇದ್ದರೆ ಆರ್ಥೊಡಾಕ್ಸ್ ಗುರುಗಳಿಂದ ಪರಮಪ್ರಸಾದ ಪಡೆಯಬಹುದು. ನಾನು 'ಪಡೆಯಬಹುದು' ಅನ್ನುವಷ್ಟನ್ನೇ ಹಿಡಿದುಕೊಂಡೆ. ಕೊಡುವವರು ಒಪ್ಪಬೇಕಲ್ಲ? ಅವರು ಒಪ್ಪುವುದಿಲ್ಲ. 1054ರಲ್ಲಿ ನಮ್ಮವರೂ ಅವರೂ ಪರಸ್ಪರ ಹಾಕಿಕೊಂಡ ಬಹಿಷ್ಕಾರಗಳನ್ನು 1965ರಲ್ಲಿ ತೆಗೆದುಹಾಕಿದ್ದು ನಿಜ. ಆದರೆ ಪ್ರಸಾದದ ಪಂಕ್ತಿ ಇನ್ನೂ ಬೇರೆ ಬೇರೆಯೇ. ಅವರ ಜನರೇ ಮಧ್ಯರಾತ್ರಿಯಿಂದ ಉಪವಾಸ ಇದ್ದು, ಪಾಪನಿವೇದನೆಯ ಶಿಸ್ತು ಪಾಲಿಸಿ ಬರಬೇಕು. ನಾವು ಹೋಟೆಲಿನ ಬಫೆ ತಿಂದು ಹೋಗಿದ್ದೆವು! ಇನ್ನು, ನಮ್ಮ ಗುರುಗಳು ಸಿಗದ ಊರೇನೂ ಅದಲ್ಲ. ಫ್ರಾಂಗೋನ್ ರಸ್ತೆಯಲ್ಲಿ ಕ್ಯಾಥೊಲಿಕ್ ಚರ್ಚ್ ಇದೆ. ನನಗೆ ಹುಡುಕೋಕೆ ಸೋಮಾರಿತನ, ಅಷ್ಟೇ.

ಅಮ್ಮ ಅಳಲಿಲ್ಲ, ಬೈಯಲೂ ಇಲ್ಲ. ಆದರೆ ಆಮೇಲೆ ಆ ಪ್ರವಾಸದಲ್ಲಿ ಆರ್ಥೊಡಾಕ್ಸ್ ಇಗರ್ಜಿಯ ಹೊಸ್ತಿಲು ದಾಟಲಿಲ್ಲ. ಆ ಊರಿನ ಆಗಿಯೋಸ್ ದಿಮಿತ್ರಿಯೋಸ್ ಇಗರ್ಜಿ ಎಂಥಾ ಜಾಗ! 1917ರ ಬೆಂಕಿಯಲ್ಲಿ ಸುಟ್ಟು ಮತ್ತೆ ಕಟ್ಟಿದ್ದು, ಉಳಿದ ಹಳೇ ಮೊಸಾಯಿಕ್ ನೋಡೋಕೆ ಪ್ರಪಂಚದ ಮೂಲೆಮೂಲೆಯಿಂದ ಜನ ಬರುತ್ತಾರೆ. ಅಮ್ಮ ಹೊರಗೆ ಜಪಮಾಲೆ ಹಿಡಿದು ಕೂತರು. 'ನೀನು ನೋಡ್ಕೊಂಡು ಬಾ' ಅಂದರು. ನಾನೂ ಸರಿಯಾಗಿ ನೋಡಲಿಲ್ಲ ಬಿಡಿ.

ಅದಕ್ಕೇ 'ಎಲ್ಲಾ ಒಂದೇ' ಅನ್ನುವುದನ್ನು ಬಿಡಿ. ಒಂದೇ ಅಲ್ಲ. ಅದೇ ಸಂಹಿತೆಯ 1248ನೇ ನಿಯಮ ನೋಡಿ: ಭಾನುವಾರದ ಕಡ್ಡಾಯ ತೀರಬೇಕಾದರೆ ಕ್ಯಾಥೊಲಿಕ್ ವಿಧಿಯ ಪೂಜೆಯೇ ಆಗಬೇಕು. ಶನಿವಾರ ಸಂಜೆಯದೂ ನಡೆಯುತ್ತದೆ. ಅಥೆನ್ಸ್‌ನಲ್ಲಾದರೆ ಪನೆಪಿಸ್ತಿಮಿಯು ರಸ್ತೆಯ ಸಂತ ದಿಯೊನಿಸಿಯಸ್ ಕೆಥೆಡ್ರಲ್ ಊರ ನಡುವೆಯೇ ಇದೆ. ಅದನ್ನು ಮುಗಿಸಿಕೊಳ್ಳಿ.

ಆಮೇಲೆ ಆರ್ಥೊಡಾಕ್ಸ್ ಪೂಜೆಗೆ ಖಂಡಿತ ಹೋಗಿ, ನೆಂಟರ ಹಾಗೆ. ಯಾವಾಗ ಏಳಬೇಕು, ಯಾವಾಗ ಕೂರಬೇಕು ಅಂತ ಪಟ್ಟಿ ಕೇಳಿದ್ದೀರಿ, ಅದು ಬೇಡವೇ ಬೇಡ. ಹಿಂದೆ ನಿಂತುಕೊಳ್ಳಿ. ಅವರು ಶಿಲುಬೆ ಗುರುತನ್ನು ಬಲ ಭುಜದಿಂದ ಎಡಕ್ಕೆ ಹಾಕುತ್ತಾರೆ, ನೀವು ನಿಮ್ಮ ಹಾಗೇ ಹಾಕಿ. ಆದರೆ ಚಡ್ಡಿ ಹಾಕಿಕೊಂಡು ಹೋಗಬೇಡಿ. ಕೊನೆಯಲ್ಲಿ ಆಂಟಿಡೋರೊ ಅಂತ ಆಶೀರ್ವದಿಸಿದ ರೊಟ್ಟಿ ತುಂಡು ಹಂಚುತ್ತಾರೆ. ಅದು ಪರಮಪ್ರಸಾದ ಅಲ್ಲ, ಎಷ್ಟೋ ಕಡೆ ಹೊರಗಿನವರಿಗೂ ಕೊಡುತ್ತಾರೆ. ಕೈ ಚಾಚುವ ಮೊದಲು 'ಕ್ಯಾಥೊಲಿಕ್' ಅಂತ ಹೇಳಿ, ಕೊಟ್ಟರೆ ತಿನ್ನಿ.

ನಿಮ್ಮ ಅತ್ತೆಯವರಿಗೂ ಇದನ್ನೆಲ್ಲ ಹಿಂದಿನ ರಾತ್ರಿಯೇ ಹೇಳಿಡಿ.